ಏಳನೆಯ ಮಹಡಿಯ ಬಾಗಿಲು

ಠಾಣೆ, 9 ಫೆಬ್ರವರಿ 2025

ವೇದಕ್ಕನವರಿಗೆ ಪುಂಡರೀಕಾಕ್ಷ ಮಾಡುವ ನಮಸ್ಕಾರಗಳು.

ಮೂವತ್ತು ವರ್ಷದಲ್ಲಿ ನಿಮಗೆ ಒಂದೂ ಕಾಗದ ಬರೆಯದವನು ಈಗ ಬರೆಯಲು ಕುಳಿತಿದ್ದೇನೆ. ಕಾರಣ ನಮ್ಮ ವಕೀಲರು, ವಿಷ್ಣುಮೂರ್ತಿ. ಕೇಸು ಮುಗಿಯುವ ತನಕ ವಾಟ್ಸಾಪಿನಲ್ಲಿ ಏನನ್ನೂ ಬರೆಯಬಾರದು, ಫೋನಿನಲ್ಲಿ ಕೇಸಿನ ಮಾತು ಆಡಬಾರದು ಎಂದು ಕಟ್ಟುನಿಟ್ಟು ಮಾಡಿದ್ದಾರೆ. "ಮನೆಯವರಿಗೆ ಕಾಗದ ಬರೀರಿ ಸಾರ್, ಓದಿದ ಮೇಲೆ ಹರಿದುಹಾಕೋಕೆ ಹೇಳಿ" ಎಂದರು. ಮೈಸೂರಿನ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಸ್ಟೆನೋ ಆಗಿದ್ದವರು ಬರೆದದ್ದನ್ನು ಹರಿಯುವವರಲ್ಲ ಎಂದು ನಾನು ಅವರಿಗೆ ಹೇಳಲಿಲ್ಲ.

ನಿಮ್ಮ ತಂಗಿ ಹೋಗಿ ಹದಿನಾರು ತಿಂಗಳಾಯಿತು. ಲಿಫ್ಟ್ ನೋಡಿಕೊಳ್ಳುವ ಕಂಪನಿಯ ಮೇಲೆ ನಾನೂ ಮಗಳು ಅಮೂಲ್ಯಾಳೂ ಹಾಕಿದ ದಾವೆಯ ಪ್ರತಿ ಕೇಳಿದ್ದಿರಿ. ಅದರಲ್ಲಿ ಇರುವುದು ಇಷ್ಟು. 2023ರ ಸೆಪ್ಟೆಂಬರ್ 22, ಗಣಪತಿ ಹಬ್ಬದ ನಾಲ್ಕನೆಯ ದಿನ, ಬೆಳಿಗ್ಗೆ ಹತ್ತೂವರೆ. ಇಲ್ಲಿ ಠಾಣೆ ಊರಿನ ಘೋಡಬಂದರ್ ರಸ್ತೆಯ ನಮ್ಮ ಹೌಸಿಂಗ್ ಸೊಸೈಟಿ, ಸಿ ವಿಂಗ್, ಏಳನೆಯ ಮಹಡಿ. ಸುಬ್ಬಲಕ್ಷ್ಮಿ ಕೆಳಗಿನ ಮನೆಗಳಿಗೆ ಕಡುಬು ಕೊಡಲು ಡಬ್ಬಿ ಹಿಡಿದು ಹೊರಟಳು. ಪಕ್ಕದ ಮನೆಯವರ ಹತ್ತಿರ ಏನೋ ಹೇಳುತ್ತ, ಮುಖ ಆ ಕಡೆಗಿಟ್ಟುಕೊಂಡೇ ಲಿಫ್ಟಿನ ಬಾಗಿಲು ಎಳೆದಳು. ಬಾಗಿಲು ತೆರೆಯಿತು. ಲಿಫ್ಟ್ ಅಲ್ಲಿರಲಿಲ್ಲ. ಲಿಫ್ಟ್ ಬಂದು ನಿಲ್ಲದೆ ಆ ಬಾಗಿಲು ತೆರೆಯಲೇಬಾರದು, ಅದಕ್ಕೊಂದು ಬೀಗವಿರುತ್ತದೆ. ಆ ಬೀಗ ಸವೆದುಹೋಗಿತ್ತು, ಕಂಪನಿ ಸರಿಮಾಡಲಿಲ್ಲ ಎಂಬುದು ನಮ್ಮ ದೂರು.

ಕಳೆದ ಮಂಗಳವಾರ ನ್ಯಾಯಾಧೀಶರು ಎರಡೂ ಕಡೆಯವರನ್ನು ಕರೆದು, ವಿಚಾರಣೆ ಶುರುವಾಗುವ ಮೊದಲು ಒಮ್ಮೆ ಮಧ್ಯಸ್ಥಿಕೆಗೆ ಹೋಗಿ ನೋಡಬಾರದೇಕೆ ಎಂದು ಕೇಳಿದರು. ವಿಚಾರಣೆಯೆಂದರೆ ಸಾಕ್ಷಿ, ಪಾಟೀಸವಾಲು, ಮೇಲ್ಮನವಿ, ಎಂಟು ಹತ್ತು ವರ್ಷ. ಮಧ್ಯಸ್ಥಿಕೆಯೆಂದರೆ ಅದೇ ಕಟ್ಟಡದ ಮೇಲಿನ ಮಹಡಿಯಲ್ಲೊಂದು ಕೋಣೆ, ದುಂಡು ಮೇಜು, ನಾಲ್ಕೈದು ಸಲದ ಮಾತುಕತೆ. ಒಪ್ಪಿಗೆಯಾದರೆ ಸಹಿ, ಇಲ್ಲದಿದ್ದರೆ ಮತ್ತೆ ಕೆಳಗೆ. ಕಂಪನಿಯವರು ಕೂಡಲೇ ಒಪ್ಪಿದರು.

ನನ್ನ ಮನಸ್ಸೂ ಆ ಕಡೆಗೇ ಇದೆ. ಅಮೂಲ್ಯಾಳಿಗೆ ಇಪ್ಪತ್ತೈದು. ಕಟಕಟೆಯಲ್ಲಿ ನಿಂತು ತನ್ನ ತಾಯಿ ಹೇಗೆ ಬಿದ್ದಳೆಂದು ಆ ಹುಡುಗಿ ಹೇಳುವುದನ್ನು ನಾನು ನೋಡಲಾರೆ. "ಪಪ್ಪಾ, ಬಸ್ ಖತಂ ಕರೋ ನಾ" ಎನ್ನುತ್ತಾಳೆ ಅವಳೂ, ಸಾಕು ಮುಗಿಸಿಬಿಡಿ ಎಂದು. ಅವಳ ಕನ್ನಡ ಸುಬ್ಬುವಿನ ಜೊತೆಗೇ ಹೋಯಿತು. ನಾನು ಕನ್ನಡದಲ್ಲಿ ಕೇಳಿದರೂ ಹಿಂದಿಯಲ್ಲೇ ಉತ್ತರ.

ನೀವು ದೊಡ್ಡವರು, ಕೋರ್ಟು ಕಂಡವರು. ಏನು ಹೇಳುತ್ತೀರಿ?

ನಿಮ್ಮ
ಪುಂಡರೀಕಾಕ್ಷ

*

ಮೈಸೂರು, 18 ಫೆಬ್ರವರಿ 2025

ಪುಂಡರೀಕಾಕ್ಷ ಅವರಿಗೆ,

ನಿಮ್ಮ ಕಾಗದ ಹರಿದಿಲ್ಲ. ಫೈಲು ಮಾಡಿಟ್ಟಿದ್ದೇನೆ.

ರಾಜಿ ಕೆಟ್ಟದ್ದೆಂದು ಹೇಳುವವಳಲ್ಲ ನಾನು. ಒಂದು ಗೋಡೆಗಾಗಿ ಹನ್ನೊಂದು ವರ್ಷ ಬಡಿದಾಡಿದ ಅಣ್ಣತಮ್ಮಂದಿರು ಒಂದು ಮಧ್ಯಾಹ್ನ ಮಧ್ಯಸ್ಥಿಕೆಯ ಕೋಣೆಯಲ್ಲಿ ಕುಳಿತು ಅತ್ತು, ಒಂದೇ ಸ್ಕೂಟರಿನಲ್ಲಿ ಮನೆಗೆ ಹೋದದ್ದನ್ನು ಕಂಡಿದ್ದೇನೆ. ಅದೇ ಜಗಳ ವಿಚಾರಣೆಗೆ ಹೋಗಿದ್ದರೆ ಇಬ್ಬರೂ ಕೋರ್ಟಿನ ಮೆಟ್ಟಿಲ ಮೇಲೇ ಮುದುಕರಾಗುತ್ತಿದ್ದರು. ಆದರೆ ಆ ಇಬ್ಬರಿಗೂ ನಡೆದದ್ದೇನೆಂದು ಗೊತ್ತಿತ್ತು. ಬೇಕಾಗಿದ್ದುದು ಸಮಾಧಾನ ಮಾತ್ರ. ಸುಬ್ಬುವಿನ ವಿಷಯದಲ್ಲಿ ನಡೆದದ್ದೇನೆಂದು ಯಾರೂ ಇನ್ನೂ ಬಾಯಿಬಿಟ್ಟು ಹೇಳಿಲ್ಲ. ಹೇಳದೆ ಇರುವುದನ್ನು ರಾಜಿ ಮಾಡಿಕೊಂಡರೆ ಅದು ಹೂತುಹಾಕಿದ ಹಾಗೆ. ಹಾವೂ ಸಾಯಬಾರದು ಕೋಲೂ ಮುರಿಯಬಾರದು ಎಂದರೆ ಹಾವು ಮನೆಯೊಳಗೇ ಇರುತ್ತದೆ.

ವಿಚಾರಣೆಯಲ್ಲಿ ಪ್ರತಿಯೊಬ್ಬರೂ ಪ್ರಮಾಣ ಮಾಡಿ ನಿಲ್ಲಬೇಕು. ಸುಳ್ಳು ಹೇಳುವವರೂ ಹೇಳುತ್ತಾರೆ, ಸಾವಿರಾರು ಸುಳ್ಳು ನಾನೇ ಟೈಪು ಮಾಡಿದ್ದೇನೆ. ಆದರೆ ಸುಳ್ಳು ಹೇಳುವವನ ಗಂಟಲು ಒಣಗುವುದನ್ನು ಮೂರಡಿ ದೂರದಲ್ಲಿ ಕುಳಿತು ನೋಡಿದ್ದೇನೆ. ಅದಕ್ಕೂ ಒಂದು ಬೆಲೆಯಿದೆ.

ಅಮೂಲ್ಯಾಳ ಸಂಕಟ ಅರ್ಥವಾಗುತ್ತದೆ. ಅವಳನ್ನು ಸಾಕ್ಷಿಗೆ ಕರೆಯದೆಯೂ ಕೇಸು ನಡೆಸಬಹುದು. ನಿಮ್ಮ ವಕೀಲರನ್ನು ಕೇಳಿ.

ನೀವು ಬರೆದ ದಾವೆಯ ಸಾರಾಂಶದಲ್ಲಿ ಒಂದು ವಿಷಯ ಕಾಣಲಿಲ್ಲ. ಬೀಗ ಒಂದೇ ದಿನದಲ್ಲಿ ಸವೆಯುವುದಿಲ್ಲ. ಮೆಕ್ಯಾನಿಕ್ ಬಂದು ನೋಡಿ ಬರೆದುಹೋಗುವ ರಿಜಿಸ್ಟರ್ ಪ್ರತಿ ಸೊಸೈಟಿಯಲ್ಲೂ ಇರುತ್ತದಲ್ಲ, ಅದರಲ್ಲಿ ಆ ವಾರ ಏನು ಬರೆದಿದೆ? ಆಗ ಸೊಸೈಟಿಯ ಸೆಕ್ರೆಟರಿ ನೀವೇ ಆಗಿದ್ದಿರಿ. ನಿಮಗೆ ಗೊತ್ತಿರಬೇಕು.

ವೇದಾವತಿ

*

ಠಾಣೆ, 16 ಮಾರ್ಚ್ 2025

ವೇದಕ್ಕನವರಿಗೆ ನಮಸ್ಕಾರಗಳು.

ಉತ್ತರ ತಡವಾಯಿತು. ಮಧ್ಯಸ್ಥಿಕೆಗೆ ಒಪ್ಪಿಕೊಂಡಿದ್ದೇನೆ. ಎರಡು ಸಲ ಕೂತದ್ದೂ ಆಯಿತು.

ಮಧ್ಯಸ್ಥರು ನಿವೃತ್ತ ನ್ಯಾಯಾಧೀಶೆ, ಕುಲಕರ್ಣಿ ಮೇಡಂ. ಒಳ್ಳೆಯ ಹೆಂಗಸು. ಮೊದಲ ದಿನ ಕೇಸಿನ ಮಾತೇ ಎತ್ತದೆ, ಸುಬ್ಬು ಎಂಥವಳಾಗಿದ್ದಳು ಎಂದು ಕೇಳಿದರು. ಹದಿನೇಳು ತಿಂಗಳಲ್ಲಿ ಯಾರೂ ಕೇಳದ ಪ್ರಶ್ನೆ. ಅವಳು ಡೊಂಬಿವಲಿಯ ಕನ್ನಡ ಸಂಘದಲ್ಲಿ ಹಾಡು ಕಲಿಸುತ್ತಿದ್ದದ್ದು, ಮಂಡಿನೋವಿದ್ದರೂ ಶನಿವಾರದ ಲೋಕಲ್ ಟ್ರೇನು ತಪ್ಪಿಸದೆ ಇದ್ದದ್ದು ಎಲ್ಲ ಹೇಳಿದೆ. ಕಂಪನಿಯ ಮ್ಯಾನೇಜರು ತಲೆ ತಗ್ಗಿಸಿ ಕುಳಿತಿದ್ದ. ಅವನಿಗೂ ನನ್ನಷ್ಟೇ ವಯಸ್ಸು. ಇಂಥದ್ದೆಲ್ಲ ಕೆಳಗಿನ ಕೋರ್ಟಿನಲ್ಲಿ ನಡೆಯುತ್ತದೆಯೇ, ನೀವೇ ಹೇಳಿ.

ಎರಡನೆಯ ಸಲ ಮೇಡಂ ಎರಡೂ ಕಡೆಯವರನ್ನು ಬೇರೆಬೇರೆಯಾಗಿ ಕರೆದು ಮಾತಾಡಿದರು. ಅಲ್ಲಿ ಆಡಿದ ಮಾತನ್ನು ಹೊರಗೆ ಹೇಳುವಂತಿಲ್ಲ, ಅದು ನಿಯಮ. ನಿಮಗೂ ಬರೆಯುವಂತಿಲ್ಲ. ಕಂಪನಿಯವರು ಗೌರವದಿಂದ ನಡೆದುಕೊಳ್ಳುತ್ತಿದ್ದಾರೆ ಎಂದಷ್ಟೇ ಹೇಳಬಲ್ಲೆ. ಅವರದು ಒಂದೇ ಷರತ್ತು. ಸಹಿಯಾದ ಮೇಲೆ ಎರಡೂ ಕಡೆಯವರು ಈ ಅಪಘಾತದ ಬಗ್ಗೆ, ಲಿಫ್ಟಿನ ಬಗ್ಗೆ, ಯಾರೊಂದಿಗೂ ಎಲ್ಲಿಯೂ ಮಾತಾಡಕೂಡದು, ಕಾಗದಪತ್ರ ಯಾರಿಗೂ ತೋರಿಸಕೂಡದು.

ಅಮೂಲ್ಯಾ ಐರೋಲಿಗೆ ಹೋಗಿದ್ದಾಳೆ. ಆಫೀಸು ಅಲ್ಲೇ, ಗೆಳತಿಯ ಜೊತೆ ಫ್ಲ್ಯಾಟು. ಠಾಣೆಯಿಂದ ಟ್ರೇನಿನಲ್ಲಿ ಹತ್ತೇ ನಿಮಿಷ, ಆದರೂ ಹೋದಳು. ಆ ಮಹಡಿಯಲ್ಲಿ ಇರಲಾರೆ ಎಂದಳು. ದಿನಾ ಬಾಗಿಲು ತೆರೆದರೆ ಎದುರಿಗೆ ಅದೇ ಲಿಫ್ಟು. ಈಗ ಅದಕ್ಕೆ ಹೊಸ ಬಾಗಿಲು, ತಾನಾಗಿ ಮುಚ್ಚಿಕೊಳ್ಳುವಂಥದ್ದು.

ಹೋದ ಶನಿವಾರ ಮಧ್ಯಾಹ್ನ ಲತೀಶ ಬಂದಿದ್ದ. ಕಾರ್ಕಳದ ಕಡೆಯವನು, ನಮ್ಮ ಲಿಫ್ಟಿನ ಮೆಕ್ಯಾನಿಕ್ ಆಗಿದ್ದವನು. ರಬಾಳೆಯಲ್ಲಿರುವ ಕಂಪನಿಯ ವರ್ಕ್‌ಶಾಪಿನ ಕೆಲಸ ಬಿಟ್ಟು ನಾಲ್ಕು ತಿಂಗಳಾಯಿತಂತೆ. ಏನೇನೋ ಹೇಳಿದ. ಕೆಲಸ ಹೋದವನ ಮಾತು. ಕಾಫಿ ಕೊಟ್ಟು ಕಳಿಸಿದೆ.

ನಿಮ್ಮ ಆರೋಗ್ಯ ಹೇಗಿದೆ?

ನಿಮ್ಮ
ಪುಂಡರೀಕಾಕ್ಷ

*

ಮೈಸೂರು, 24 ಮಾರ್ಚ್ 2025

ಪುಂಡರೀಕಾಕ್ಷ ಅವರಿಗೆ,

ನನ್ನ ಆರೋಗ್ಯ ಸರಿಯಾಗಿದೆ.

ನಾನು ಕೇಳಿದ್ದು ರಿಜಿಸ್ಟರಿನ ಬಗ್ಗೆ. ಅದನ್ನು ಬಿಟ್ಟು ಉಳಿದೆಲ್ಲಕ್ಕೂ ಉತ್ತರ ಬರೆದಿದ್ದೀರಿ. ಮಧ್ಯಸ್ಥಿಕೆಯ ಕೋಣೆಯ ಮಾತು ಹೊರಗೆ ಬರಬಾರದು, ಒಪ್ಪಿದೆ. ರಿಜಿಸ್ಟರು ಆ ಕೋಣೆಯಲ್ಲಿ ಹುಟ್ಟಿದ್ದಲ್ಲ.

ಮತ್ತೆ, ಲತೀಶ ಹೇಳಿದ "ಏನೇನೋ" ಎಂದರೆ ಏನು? ಮೆಕ್ಯಾನಿಕ್ ಕೆಲಸ ಬಿಟ್ಟ ಮೇಲೆ, ಸತ್ತವಳ ಮನೆಯ ಬಾಗಿಲಿಗೆ ತಾನಾಗಿ ಬರುವುದು ಕಾಫಿ ಕುಡಿಯಲು ಅಲ್ಲ.

ಮಾತಾಡಕೂಡದು ಎಂಬ ಷರತ್ತು ಯಾರಿಗೆ ಲಾಭ? ಅವರಿಗೆ ಲಾಭ ಎಂಬುದು ಕಾಣುತ್ತದೆ. ನೀವು ಅದನ್ನು ಇಷ್ಟು ಸಲೀಸಾಗಿ ಒಪ್ಪಿದ್ದೇಕೆ ಎಂಬುದು ಕಾಣುತ್ತಿಲ್ಲ. ಸುಬ್ಬು ಹೋದಳು, ಅದನ್ನು ಯಾರೂ ತಿದ್ದಲಾರರು. ಆ ಕಂಪನಿಯ ಬೇರೆ ಲಿಫ್ಟುಗಳು ಇವತ್ತೂ ಮೇಲೆ ಕೆಳಗೆ ಹೋಗುತ್ತಿಲ್ಲವೇ?

ಮೊದಲು ಹೇಳುವುದನ್ನು ಹೇಳಿ. ಆಮೇಲೆ ರಾಜಿಯಾಗುವುದಾದರೆ ನಾನೇ ಬಂದು ಪಕ್ಕದಲ್ಲಿ ಕೂರುತ್ತೇನೆ.

ವೇದಾವತಿ

*

ಠಾಣೆ, 20 ಏಪ್ರಿಲ್ 2025

ವೇದಕ್ಕನವರಿಗೆ,

ನಾಲ್ಕು ಸಲ ಬರೆದು ನಾಲ್ಕು ಸಲ ಬಿಟ್ಟೆ. ಈ ಸಲ ಕಳಿಸಿಬಿಡುತ್ತೇನೆ. ಒರಟಾಗಿ ಕಂಡರೆ ಮನ್ನಿಸಿ.

ಏಪ್ರಿಲ್ 28, ಸೋಮವಾರ ಬೆಳಿಗ್ಗೆ ಹನ್ನೊಂದಕ್ಕೆ ಸಹಿ. ಕರಡು ಸಿದ್ಧವಾಗಿದೆ. ಅಮೂಲ್ಯಾ ತನ್ನ ಸಹಿ ಈಗಾಗಲೇ ಹಾಕಿದ್ದಾಳೆ.

ನೀವು ಸೂಚಿಸುತ್ತಿರುವುದು ನನಗೆ ಅರ್ಥವಾಗದೆ ಇಲ್ಲ. ಹಣಕ್ಕಾಗಿ ಹೆಂಡತಿಯ ಸಾವನ್ನು ಮಾರುತ್ತಿದ್ದಾನೆ ಎಂಬುದು ನಿಮ್ಮ ಮನಸ್ಸಿನಲ್ಲಿದೆ. ಅವರು ಕೊಡುವುದನ್ನು ನಾನು ಮುಟ್ಟುವುದಿಲ್ಲ, ಅಮೂಲ್ಯಾಳ ಹೆಸರಿಗೇ ಹೋಗುತ್ತದೆ. ಈ ಮಾತು ನಿಮಗೆ ಬರೆಯಬೇಕಾಗಿ ಬಂದದ್ದಕ್ಕೆ ನಾಚಿಕೆಯಾಗುತ್ತದೆ.

ನಿಮಗೆ ಕೋರ್ಟೆಂದರೆ ಟೈಪು ಮಾಡಿದ ಹಾಳೆ. ನೀವು ಆ ಕಡೆ ಕುಳಿತವರು. ಈ ಕಡೆ ನಿಂತವರ ಕಾಲು ಹೇಗೆ ನಡುಗುತ್ತದೆ ಎಂದು ನಿಮಗೆ ಗೊತ್ತಿಲ್ಲ. ನಮ್ಮ ಜೀವ ಹಿಂಡುವುದರಿಂದ ಸುಬ್ಬು ಮರಳಿ ಬರುವುದಾದರೆ ಹಿಂಡಲಿ.

ಲತೀಶ ಮತ್ತೆರಡು ಸಲ ಫೋನು ಮಾಡಿದ. ನಾನು ಎತ್ತಲಿಲ್ಲ. ನೀವೂ ಇನ್ನು ಆ ವಿಷಯ ಕೇಳಬೇಡಿ ಎಂದು ಕೈಮುಗಿದು ಬೇಡುತ್ತೇನೆ.

ಪುಂಡರೀಕಾಕ್ಷ

*

ಮೈಸೂರು, 26 ಏಪ್ರಿಲ್ 2025

ಪುಂಡರೀಕಾಕ್ಷ ಅವರಿಗೆ,

ನಿಮ್ಮ ಕಾಗದ ಇವತ್ತು ಬೆಳಿಗ್ಗೆ ತಲುಪಿತು. ಇದು ಸೋಮವಾರದೊಳಗೆ ನಿಮ್ಮನ್ನು ತಲುಪುವುದಿಲ್ಲ ಎಂದು ಗೊತ್ತು. ಫೋನು ಮಾಡಿದರೆ ನೀವು ಎತ್ತುತ್ತಿಲ್ಲ. ಆದರೂ ಬರೆಯುತ್ತೇನೆ, ಬರೆದದ್ದು ಎಂದಾದರೂ ತಲುಪುತ್ತದೆ.

ಹಣದ ಮಾತು ನಾನು ಎತ್ತಲಿಲ್ಲ. ಅದನ್ನು ನೀವೇ ತಂದಿರಿ, ಇನ್ನೊಂದನ್ನು ಮುಚ್ಚಲು.

ಸುಬ್ಬು ಸಾಯುವ ಹಿಂದಿನ ದಿನ ಸಂಜೆ ನನಗೆ ಫೋನು ಮಾಡಿದ್ದಳು. ಏಳನೆಯ ಮಹಡಿಯ ಬಾಗಿಲು ಲಿಫ್ಟ್ ಇಲ್ಲದಾಗಲೂ ತೆರೆದುಕೊಳ್ಳುತ್ತಿದೆ, ಮೆಕ್ಯಾನಿಕ್ ಬಂದು ನಿಲ್ಲಿಸಬೇಕೆಂದು ಬರೆದುಹೋಗಿದ್ದಾನೆ, ಹಬ್ಬ ಮುಗಿಯುವವರೆಗೆ ನಡೆಸಿ ಎಂದು ಇವರೇ ಅದರ ಕೆಳಗೆ ಬರೆದು ಸಹಿ ಹಾಕಿದ್ದಾರೆ ಎಂದಳು. ಅವಳ ಮಾತು ಇದು. "ನಾನು ಹೇಳಿದ್ರೆ ಕೇಳಲ್ಲ ಕಣೇ, ಸೆಕ್ರೆಟರಿ ಆದ್ಮೇಲೆ ಮನೆಯವರ ಮಾತು ಕಿವಿಗೆ ಬೀಳಲ್ಲ ಇವರಿಗೆ."

ಫೆಬ್ರವರಿಯಿಂದ ನಾನು ಕಾಯುತ್ತಿದ್ದದ್ದು ಇದನ್ನು ನೀವೇ ಹೇಳಲಿ ಎಂದು. ನಾನು ವಿಚಾರಣೆ ಬೇಕೆಂದದ್ದು ಕಂಪನಿಯ ಮ್ಯಾನೇಜರನ ಗಂಟಲು ಒಣಗುವುದನ್ನು ನೋಡಲು ಅಲ್ಲ.

ಸಹಿ ಹಾಕಿದ್ದರೆ ಹಾಕಿದ್ದೀರಿ. ಇನ್ನು ನನಗೆ ಬರೆಯುವ ಅಗತ್ಯವಿಲ್ಲ.

ವೇದಾವತಿ

*

ಠಾಣೆ, 29 ಏಪ್ರಿಲ್ 2025

ವೇದಕ್ಕ,

ನಿಮ್ಮಿಂದ ಉತ್ತರ ಬಂದಿಲ್ಲ. ಅಂಥ ಕಾಗದ ಬರೆದವನಿಗೆ ಉತ್ತರ ಬಾರದಿದ್ದರೂ ಸರಿಯೇ. ನಾನು ನಿನ್ನೆ ಸಹಿ ಹಾಕಲಿಲ್ಲ. ಯಾಕೆಂದು ಹೇಳಲು ಇದನ್ನು ಬರೆಯುತ್ತಿದ್ದೇನೆ. ಓದಿದ ಮೇಲೆ ನೀವು ನನ್ನ ಮುಖ ನೋಡದಿರಬಹುದು.

ಭಾನುವಾರ ಬೆಳಿಗ್ಗೆ ಲತೀಶ ಬಾಗಿಲು ತಟ್ಟಿದ. ಒಳಗೆ ಬಾ ಎಂದರೂ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತು, "ನಾಲ್ಕನೇ ನಂಬರು ಸಾರ್" ಎಂದ. ಡೊಂಬಿವಲಿ ಪೂರ್ವದಲ್ಲಿ ಒಂದು ಕಟ್ಟಡ. ಶನಿವಾರ ಸಂಜೆ ಶಾಲೆಯ ಟೀಚರೊಬ್ಬರು ಮೂರನೆಯ ಮಹಡಿಯಲ್ಲಿ ಲಿಫ್ಟಿನ ಬಾಗಿಲು ಎಳೆದಿದ್ದಾರೆ. ಜೀವ ಇದೆ. ಬೆನ್ನುಮೂಳೆ ಮುರಿದಿದೆ. ಕಾಲಿನಲ್ಲಿ ಸ್ಪರ್ಶವಿಲ್ಲವಂತೆ.

ನಾಲ್ಕನೆಯ ನಂಬರು ಎಂದರೆ ಏನೆಂದು ನಿಮಗೆ ಬರೆದಿರಲಿಲ್ಲ. ಮಾರ್ಚಿನಲ್ಲಿ ಬಂದಾಗ ಲತೀಶ ಒಂದು ಪಟ್ಟಿ ಕೊಟ್ಟಿದ್ದ. "ನಾವು ಮಾಡಿದ್ದು ನಿಮ್ಮಲ್ಲಿ ಮಾತ್ರ ಅಲ್ಲ ಸಾರ್" ಎಂದಿದ್ದ. ಬೀಗ ಹಾಳಾದಾಗ ಲಿಫ್ಟ್ ತಾನಾಗಿ ನಿಲ್ಲಬೇಕು. ನಿಲ್ಲದ ಹಾಗೆ ಒಂದು ತುಂಡು ವಯರು ಹಾಕಿ ಕೊಡುತ್ತಿದ್ದರಂತೆ. ಹಾಗೆ ವಯರು ಹಾಕಿದ ಹದಿನಾಲ್ಕು ಕಟ್ಟಡ. ಕಲ್ಯಾಣ, ಡೊಂಬಿವಲಿ, ಐರೋಲಿ. ನಾನು ಅದರಲ್ಲಿ ಅಮೂಲ್ಯಾಳ ಕಟ್ಟಡ ಇದೆಯೇ ಎಂದು ನೋಡಿದೆ. ಇರಲಿಲ್ಲ. ಪಟ್ಟಿಯನ್ನು ಕಪಾಟಿನೊಳಗಿಟ್ಟು ಬೀಗ ಹಾಕಿದೆ.

ಯಾಕೆ ಇಟ್ಟೆನೆಂದರೆ ಅದೇ ಕಪಾಟಿನಲ್ಲಿ ನೀವು ಕೇಳಿದ ರಿಜಿಸ್ಟರು ಇದೆ. ಸುಬ್ಬುವನ್ನು ಸುಟ್ಟುಬಂದ ಮಾರನೆಯ ದಿನ ಸೊಸೈಟಿ ಆಫೀಸಿನಿಂದ ನಾನೇ ಎತ್ತಿಕೊಂಡು ಬಂದೆ. ಸೆಪ್ಟೆಂಬರ್ 18ರ ಪುಟದಲ್ಲಿ ಲತೀಶನ ಕೈಬರಹವಿದೆ: ಏಳನೆಯ ಮಹಡಿ, ಬೀಗ ಹಾಳು, ಲಿಫ್ಟ್ ನಿಲ್ಲಿಸಬೇಕು. ಅದರ ಕೆಳಗೆ ನನ್ನದು: ಹಬ್ಬ ಮುಗಿಯುವವರೆಗೆ ನಡೆಸಿ.

ಮಾರನೆಯ ದಿನ ಗಣಪತಿ ಬರುವವನಿದ್ದ. ನಾಲ್ಕನೆಯ ಮಹಡಿಯಲ್ಲಿ ಡಯಾಲಿಸಿಸ್‌ನವರು, ಒಂಬತ್ತರಲ್ಲಿ ಗಾಲಿಕುರ್ಚಿಯವರು. ಲಿಫ್ಟ್ ನಿಲ್ಲುತ್ತದೆ ಎಂದು ಗೊತ್ತಾದೊಡನೆ ಇಪ್ಪತ್ತು ಫೋನು. "ವಯರು ಹಾಕಿದ್ರೆ ಓಡ್ತದೆ ಸಾರ್, ಆದ್ರೆ ನೀವು ಬರ್ದು ಕೊಡ್ಬೇಕು" ಎಂದ ಲತೀಶ. ಬರೆದುಕೊಟ್ಟೆ. ಏಳನೆಯ ಮಹಡಿಯ ಬಾಗಿಲಿಗೆ ಒಂದು ಬೋರ್ಡು ತೂಗಿಹಾಕಬಹುದಿತ್ತು. ಹಬ್ಬದ ಸಮಯದಲ್ಲಿ ಚೆನ್ನಾಗಿ ಕಾಣುವುದಿಲ್ಲ ಎಂದು ಹಾಕಲಿಲ್ಲ. ಸುಬ್ಬು ಎರಡು ದಿನ ಹೇಳಿದಳು. ನಾನು ಕೇಳಲಿಲ್ಲ.

ಆ ಪುಟದ ಕಾರ್ಬನ್ ಪ್ರತಿ ಕಂಪನಿಯ ಹತ್ತಿರ ಇದೆ. ಮಾರ್ಚಿನಲ್ಲಿ ಕುಲಕರ್ಣಿ ಮೇಡಂ ನನ್ನೊಬ್ಬನನ್ನೇ ಕರೆದು ಅದನ್ನು ತಿಳಿಸಿದರು. ಇಲ್ಲಿಯೇ ಮುಗಿಯುವುದಾದರೆ ಅದನ್ನು ಅವರು ಹೊರಗೆ ತರುವುದಿಲ್ಲ ಎಂಬುದು ಆ ಕಡೆಯ ಮಾತು. ಮೇಡಂ ಅದರಲ್ಲಿ ಏನೂ ಸೇರಿಸಲಿಲ್ಲ. "ತುಮ್ಹೀ ಠರವಾ" ಎಂದರು, ನೀವೇ ನಿರ್ಧರಿಸಿ ಎಂದು. ಆ ಕ್ಷಣ ನನಗೆ ಆದದ್ದು ನೆಮ್ಮದಿ ವೇದಕ್ಕ. ಅದನ್ನೂ ಬರೆದುಬಿಡುತ್ತೇನೆ.

ನಿನ್ನೆ ಸಹಿಯ ಮೇಜಿನಿಂದ ಎದ್ದು ವಿಷ್ಣುಮೂರ್ತಿಯವರನ್ನು ಪಡಸಾಲೆಗೆ ಕರೆದು ಎಲ್ಲ ಹೇಳಿದೆ. "ಸಾರ್, ಇದನ್ನ ಹೊರಗೆ ಇಟ್ರೆ ಕೇಸು ಅವರ ಮೇಲಿಂದ ನಿಮ್ಮ ಮೇಲೆ ತಿರುಗುತ್ತೆ" ಎಂದರು. ತಿರುಗಲಿ ಎಂದೆ. ಪಟ್ಟಿಯನ್ನು ಇವತ್ತು ಲಿಫ್ಟ್ ಇನ್‌ಸ್ಪೆಕ್ಟರ ಕಚೇರಿಗೆ ಕೊಟ್ಟು ಬಂದೆ. ಆರು ವಾರ ತಡವಾಗಿ. ಆ ಟೀಚರಿಗೆ ಎರಡು ಚಿಕ್ಕ ಮಕ್ಕಳಂತೆ.

ಅಮೂಲ್ಯಾಳಿಗೆ ಐರೋಲಿ ಸ್ಟೇಷನ್ನಿನಲ್ಲಿ ಹೇಳಿದೆ. ಮನೆಗೆ ಕರೆಯಲಿಲ್ಲ ಅವಳು. ಕೇಳಿಸಿಕೊಂಡು, ಬಂದ ಟ್ರೇನನ್ನು ಬಿಟ್ಟುಬಿಟ್ಟಳು. "ಆಪ್‌ಕೋ ಪತಾ ಥಾ" ಎಂದಳು. ನಿಮಗೆ ಗೊತ್ತಿತ್ತು. ಪ್ರಶ್ನೆಯಲ್ಲ ಅದು. ಹೊರಟುಹೋದಳು.

ಪುಂಡರೀಕಾಕ್ಷ

*

ಮೈಸೂರು, 9 ಮೇ 2025

ಪುಂಡರೀಕಾಕ್ಷ ಅವರಿಗೆ,

ನಮ್ಮ ಎರಡು ಕಾಗದ ದಾರಿಯಲ್ಲಿ ಒಂದನ್ನೊಂದು ದಾಟಿವೆ. ನನ್ನದು ಈಗ ನಿಮ್ಮ ಕೈಯಲ್ಲಿದೆ. ನಿಮಗೆ ಅದು ಸಿಗುವ ಮೊದಲೇ ನೀವು ಬರೆದಿರಿ ಎಂಬುದನ್ನು ತಾರೀಖು ನೋಡಿ ತಿಳಿದೆ. ಅಷ್ಟು ನಿಮ್ಮ ಪಾಲಿಗೆ ಇರಲಿ.

ಕ್ಷಮಿಸಿದ್ದೇನೆ ಎಂದು ಬರೆಯಲಾರೆ. ಕ್ಷಮಿಸುವ ಸ್ಥಾನವೂ ನನಗಿಲ್ಲ, ಅದು ಯಾಕೆಂದು ಹೇಳುತ್ತೇನೆ.

ಸುಬ್ಬುವಿನ ಫೋನಿನ ಅರ್ಧ ಮಾತ್ರ ನಿಮಗೆ ಬರೆದಿದ್ದೆ. ಅವಳು ಎರಡು ದಿನದಿಂದ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು. ಮಂಡಿ ಊದಿಕೊಂಡಿದೆ, ನಾಳೆ ಹನ್ನೆರಡು ಮನೆಗೆ ಕಡುಬು ಕೊಡಬೇಕು, ಏನು ಮಾಡಲಿ ಎಂದು ಕೇಳಿದಳು. ನಾನು ಹೇಳಿದ್ದು ಇದು. "ಅವರು ನಡೆಸಿ ಅಂದಿದಾರೆ ಅಂದ್ಮೇಲೆ ನೋಡೇ ಹೇಳಿರ್ತಾರೆ. ಹಬ್ಬದ ದಿನ ಜಗಳ ತೆಗೀಬೇಡ. ಲಿಫ್ಟಲ್ಲೇ ಹೋಗು." ಯಾವಾಗಲೂ ಅಕ್ಕನ ಮಾತು ಕೇಳುವವಳು. ಕೇಳಿದಳು.

ಇಷ್ಟು ದಿನ ನಿಮ್ಮನ್ನು ಕಟಕಟೆಗೆ ಹತ್ತಿಸಲು ಹೊರಟವಳು ನಾನು. ನೀವೊಬ್ಬರೇ ತಪ್ಪೊಪ್ಪಿಕೊಂಡರೆ ನನ್ನದು ಸಣ್ಣದಾಗುತ್ತದೆ ಎಂದುಕೊಂಡಿದ್ದೆ. ನಿಮ್ಮ ಕಾಗದ ಓದಿದ ಮೇಲೆ ಹಾಗೇನೂ ಆಗಲಿಲ್ಲ.

ನನ್ನ ಹೆಸರನ್ನು ಸಾಕ್ಷಿಪಟ್ಟಿಯಲ್ಲಿ ಸೇರಿಸಲು ವಿಷ್ಣುಮೂರ್ತಿಯವರಿಗೆ ಹೇಳಿ. ಅವಳು ಹೇಳಿದ್ದನ್ನೂ ನಾನು ಹೇಳಿದ್ದನ್ನೂ ಪ್ರಮಾಣ ಮಾಡಿ ಹೇಳುತ್ತೇನೆ. ಅಮೂಲ್ಯಾಳಿಗೆ ನಾನೇ ಬೇರೆ ಕಾಗದ ಬರೆದಿದ್ದೇನೆ. ಕನ್ನಡ ಓದಲು ಬಾರದಿದ್ದರೆ ಯಾರಿಂದಲೂ ಓದಿಸಬೇಡ, ನಾನು ಬಂದಾಗ ಎದುರಿಗೆ ಕೂತು ಓದುತ್ತೇನೆ ಎಂದು ಹಿಂದಿಯಲ್ಲಿ ಒಂದು ಸಾಲು ಸೇರಿಸಿದ್ದೇನೆ.

ಆ ಟೀಚರು ಹೇಗಿದ್ದಾರೆಂದು ತಿಳಿಸಿ.

ವೇದಾವತಿ

*

ಠಾಣೆ, 11 ಜನವರಿ 2026

ವೇದಕ್ಕನವರಿಗೆ ನಮಸ್ಕಾರಗಳು.

ನೀವು ಸಾಕ್ಷಿ ಹೇಳಿ ಮೈಸೂರಿಗೆ ಮರಳಿ ತಿಂಗಳಾಯಿತು. ಆ ಎರಡು ದಿನ ನಾವು ಒಂದೇ ಬೆಂಚಿನ ಮೇಲೆ ಕುಳಿತಿದ್ದರೂ ಮಾತಾಡಲಾಗಲಿಲ್ಲ. ಕಾಗದದಲ್ಲೇ ನಮಗೆ ಅಭ್ಯಾಸವಾಗಿದೆಯೇನೋ.

ನವೆಂಬರಿನಲ್ಲಿ ನಡೆದ ನನ್ನ ಪಾಟೀಸವಾಲು ಹೇಗಿತ್ತೆಂದು ಕೇಳಿ ಬರೆದಿದ್ದಿರಿ. ಇಷ್ಟು ಬೇಗ ಸಾಕ್ಷಿಯ ಹಂತ ಬರುತ್ತದೆಂದು ವಿಷ್ಣುಮೂರ್ತಿಯವರೂ ಎಣಿಸಿರಲಿಲ್ಲ. ಡೊಂಬಿವಲಿಯ ಘಟನೆಯಾದ ಮೇಲೆ ನ್ಯಾಯಾಧೀಶರು ದಿನಾಂಕ ಹತ್ತಿರ ಹತ್ತಿರ ಕೊಟ್ಟರು. ಅವತ್ತು ಕೋರ್ಟಿನ ಬಾಗಿಲ ಹೊರಗೆ ಕಂಪನಿಯ ವಕೀಲರು ಬಂದು, ಮೇಲಿನ ಕೋಣೆ ಇನ್ನೂ ತೆರೆದಿದೆ, ಹತ್ತು ನಿಮಿಷದ ಕೆಲಸ ಎಂದರು. ಬೆದರಿಕೆಯ ದನಿಯಲ್ಲ, ನನ್ನ ಮೇಲೆ ಮರುಕವಿದ್ದವರ ದನಿ. ಬೇಡ ಎಂದೆ.

ಒಳಗೆ ಅವರೇ ರಿಜಿಸ್ಟರಿನ ಆ ಪುಟವನ್ನು ನನ್ನ ಕೈಗೆ ಕೊಟ್ಟು, ಇದು ನಿಮ್ಮ ಸಹಿಯೇ ಎಂದರು. ನನ್ನದೇ. ಲಿಫ್ಟ್ ನಿಲ್ಲಿಸಿದ್ದರೆ ನಿಮ್ಮ ಪತ್ನಿ ಇವತ್ತು ಬದುಕಿರುತ್ತಿದ್ದರಲ್ಲವೇ ಎಂದರು. ವಿಷ್ಣುಮೂರ್ತಿ ಆಕ್ಷೇಪಿಸಲು ಎದ್ದರು. ನಾನು ಅಷ್ಟರಲ್ಲಿ ಹೌದು ಎಂದುಬಿಟ್ಟಿದ್ದೆ. ಗಂಟಲು ಒಣಗಲಿಲ್ಲ. ಆಮೇಲೆ ಹಾಗೆ ವಯರು ಹಾಕುವುದು ಕಂಪನಿಯ ಪದ್ಧತಿಯೇ ಎಂದು ಲತೀಶ ಕಟಕಟೆಯಲ್ಲಿ ನಿಂತು ಹೇಳಿದ. ಹೇಳಿದ್ದಕ್ಕೆ ಅವನ ಮೇಲೂ ಕೇಸು ಬರುತ್ತದೆ ಎಂದು ಗೊತ್ತಿದ್ದೇ ಹೇಳಿದ.

ತೀರ್ಪು ಯಾವಾಗ ಬರುವುದೋ ತಿಳಿಯದು. ಪೊಲೀಸರು ಹಳೆಯ ಫೈಲು ತೆರೆದಿದ್ದಾರೆ. ಕಂಪನಿಯ ಇಬ್ಬರ ಜೊತೆಗೆ ನನ್ನ ಹೆಸರು, ಲತೀಶನ ಹೆಸರು. ಪ್ರತಿ ಸೋಮವಾರ ಪೊಲೀಸ್ ಠಾಣೆಗೆ ಹೋಗಿ ಸಹಿ ಮಾಡಿ ಬರುತ್ತೇನೆ. ಸೊಸೈಟಿಯಲ್ಲಿ ಮೂವರು ಮಾತ್ರ ಮಾತಾಡಿಸುತ್ತಾರೆ, ಅದರಲ್ಲಿ ಒಬ್ಬರು ಡಯಾಲಿಸಿಸ್‌ನವರು. ಡೊಂಬಿವಲಿಯ ಟೀಚರನ್ನು ನೋಡಲು ಹೋಗಿದ್ದೆ. ನಾನು ಯಾರೆಂದು ಹೇಳಿದೆ. ಅವರ ಗಂಡ ಬಾಗಿಲು ಮುಚ್ಚಿದರು. ಅದು ನ್ಯಾಯವೇ.

ಇನ್‌ಸ್ಪೆಕ್ಟರರು ಪಟ್ಟಿಯ ಪ್ರಕಾರ ಹೋಗಿ ನೋಡಿದರು. ಎಲ್ಲ ಕಡೆಯೂ ವಯರು ಸಿಕ್ಕಿತು, ಎಲ್ಲ ಲಿಫ್ಟಿಗೂ ಮೊಹರು ಬಿತ್ತು. ಆದರೆ ಹದಿಮೂರು. ಹದಿನಾಲ್ಕನೆಯದು ಸಿಗಲಿಲ್ಲ. ಪಟ್ಟಿಯಲ್ಲಿ ಬರೆದ ಹೆಸರಿನ ಕಟ್ಟಡ ಕಲ್ಯಾಣದಲ್ಲಿ ಇಲ್ಲ. ಲತೀಶ ಅಲ್ಲಿಗೆ ಹೋದದ್ದು ಒಂದೇ ಸಲ, ಇನ್ನೊಬ್ಬ ಮೆಕ್ಯಾನಿಕ್ಕನ ಸಹಾಯಕ್ಕೆ, ಅವನ ಬೈಕಿನ ಹಿಂದೆ ಕುಳಿತು. ಆ ಇನ್ನೊಬ್ಬ ದುಬೈಗೆ ಹೋಗಿದ್ದಾನೆ, ಫೋನು ಸಿಗುತ್ತಿಲ್ಲ. ಕಂಪನಿಯವರು ಅಂಥ ಕಟ್ಟಡವೇ ನಮ್ಮ ದಾಖಲೆಯಲ್ಲಿಲ್ಲ ಎಂದು ಬರೆದುಕೊಟ್ಟಿದ್ದಾರೆ. ಐದು ಮಹಡಿ, ಕೆಳಗೊಂದು ಹಾಲಿನ ಅಂಗಡಿ, ಹಸಿರು ಬಾಗಿಲು. ಲತೀಶನಿಗೆ ಇರುವ ನೆನಪು ಇಷ್ಟೇ. ಅಂಗಡಿ ಮುಚ್ಚಿರಬಹುದು, ಬಾಗಿಲಿಗೆ ಬೇರೆ ಬಣ್ಣ ಹೊಡೆದಿರಬಹುದು.

ಆಗಸ್ಟಿನಿಂದ ಪ್ರತಿ ಭಾನುವಾರ ನಾನೂ ಲತೀಶನೂ ಕಲ್ಯಾಣಕ್ಕೆ ಹೋಗಿ ಬೀದಿ ಬೀದಿ ಸುತ್ತುತ್ತಿದ್ದೇವೆ. ವಾಚ್‌ಮನ್‌ಗಳು ಓಡಿಸುತ್ತಾರೆ, ಕೆಲವರು ಒಳಗೆ ಬಿಡುತ್ತಾರೆ. ಹೋದ ವಾರ ಸ್ಟೇಷನ್ನಿನಲ್ಲಿ ಇಳಿದಾಗ ಅಮೂಲ್ಯಾ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದಳು. ಲತೀಶನೇ ಹೇಳಿದ್ದನಂತೆ. ನಮಗಿಂತ ಹತ್ತು ಹೆಜ್ಜೆ ಮುಂದೆ ನಡೆದು, ಪ್ರತಿ ಗೇಟಿನಲ್ಲೂ ತಾನೇ ಮರಾಠಿಯಲ್ಲಿ ಕೇಳಿದಳು. ಅವಳನ್ನು ಯಾರೂ ಓಡಿಸಲಿಲ್ಲ.

ಇವತ್ತು ಮಧ್ಯಾಹ್ನ ಒಂದು ಹಳೆಯ ಕಟ್ಟಡದಲ್ಲಿ ನಾವು ಮೂರನೆಯ ಮಹಡಿಗೆ ಹತ್ತಿದಾಗ ಒಬ್ಬ ಅಜ್ಜಿ ಲಿಫ್ಟಿನ ಹಿಡಿಕೆಗೆ ಕೈ ಹಾಕಿದ್ದರು. ಅಮೂಲ್ಯಾ ಎರಡೆರಡು ಮೆಟ್ಟಿಲು ಹಾರಿ ಹೋಗಿ ಅವರ ತೋಳು ಹಿಡಿದಳು. "ಆಜೀ, ಥಾಂಬಾ" ಎಂದಳು, ನಿಲ್ಲಿ ಎಂದು. ಅಜ್ಜಿ ಹೆದರಿ ಹಿಂದೆ ಸರಿದರು. ಲತೀಶ ಬಾಗಿಲು ಎಳೆದು ನೋಡಿದ. ತೆರೆಯಲಿಲ್ಲ. ಬೀಗ ಸರಿಯಾಗಿತ್ತು. "ಇದಲ್ಲ" ಎಂದ.

ಅಮೂಲ್ಯಾ ಅಜ್ಜಿಯ ಕ್ಷಮೆ ಕೇಳಿದಳು. ಆಮೇಲೆ ಮೆಟ್ಟಿಲ ಮೇಲೆ ಕುಳಿತು, ಮುಖ ಮುಚ್ಚಿಕೊಂಡು ಬಹಳ ಹೊತ್ತು ಅತ್ತಳು. ನಾನು ಎರಡು ಮೆಟ್ಟಿಲು ಕೆಳಗೆ ಕುಳಿತೆ. ಎದ್ದು ಹೋಗು ಎನ್ನಲಿಲ್ಲ. ಕಣ್ಣೊರೆಸಿಕೊಂಡು ಫೋನಿನಲ್ಲಿ ಗುರುತು ಮಾಡಿಟ್ಟ ನಕ್ಷೆಯನ್ನು ನನ್ನ ಕಡೆ ಹಿಡಿದು ತೋರಿಸಿದಳು.

ಕಲ್ಯಾಣ ಪಶ್ಚಿಮ ಮುಗಿದಿದೆ. ಬರುವ ಭಾನುವಾರ ಪೂರ್ವ.

ಪುಂಡರೀಕಾಕ್ಷ